ಒಂದೇ ಹಂಡೆಯ ಹಾಲು

ಕ್ಷಯರೋಗಾಲಯ, ಸಾವೋಯ್ ಬೆಟ್ಟ
22 ಜುಲೈ 1930

ನನ್ನ ಝೆಲೀ,

ಬಾಗಿಲು ಹಾಕು. ಒಲೆಯ ಪಕ್ಕ ಕೂರು. ಈಗ ಕೇಳು.

ನಿನ್ನ ಗಂಡ ಅನ್ಸೆಲ್ಮ್ ಪುರ್ಶೆ ಬೆಟ್ಟದ ತುದಿಯಲ್ಲಿ, ಬಿಳಿ ಹಾಸಿಗೆಯ ಮೇಲೆ ಬಿದ್ದಿದ್ದಾನೆ, ನಿಜ. ಎದೆಗೆ ಹುಳ ಹೊಕ್ಕಿದೆ, ನಿಜ. ಆದರೆ ತಲೆಗೆ ಹೊಕ್ಕಿಲ್ಲ. ಪ್ರತಿ ಚಳಿಗಾಲ ಊರ ನಾಟಕಕ್ಕೆ ಶಾಲೆಯ ರಂಗದ ಮೇಲೆ ನಿಂತು ಕ್ರೋಜೆಯ ಹನ್ನೊಂದು ಮನೆಯವರ ಮೈ ನಡುಗಿಸಿದ ರಾಜ ಇನ್ನೂ ಸಿಂಹಾಸನ ಬಿಟ್ಟಿಲ್ಲ.

ಇಪ್ಪತ್ತು ದಿನದಿಂದ ಮಳೆ ಬಿಟ್ಟಿಲ್ಲ, ಕೊಯ್ದ ಹುಲ್ಲು ಬಿದ್ದಲ್ಲೇ ಕಪ್ಪಾಗುತ್ತಿದೆ, ಏಳು ಹಸುಗಳಿಗೆ ಚಳಿಗಾಲ ಪೂರ್ತಿ ಏನು ಹಾಕಲಿ ಎಂದು ಬರೆದಿದ್ದೀಯ. ಅದನ್ನು ಓದಿ ನಾನು ಛಾವಣಿ ನೋಡುತ್ತ ಮಲಗಿದ್ದೆ. ಪಕ್ಕದ ಹಾಸಿಗೆಯಲ್ಲಿ ಒಬ್ಬ ನಾರ್ಮಂಡಿಯವನಿದ್ದಾನೆ, ಅಶೀಲ್ ಅಂತ. ನಲವತ್ತು ಹಸುಗಳ ಒಡೆಯ; ಮುಖ ಕೆಂಪು ಮೂಲಂಗಿ, ಮಾತು ಎಣ್ಣೆ ಕಾಣದ ಗಾಡಿಚಕ್ರ. ಅವನು ಕೇಳಿದ, “ಒಣಗದ ಹುಲ್ಲನ್ನ ಒಣಗಿಸ್ತೀವಿ ಅಂತ ಯಾಕ್ರೀ ಒದ್ದಾಡ್ತೀರಿ? ಹಸೀದನ್ನೇ ಹೂಳಿ.”

ನಾನು ನಕ್ಕೆ, ಕೆಮ್ಮು ಬರುವಷ್ಟು ನಕ್ಕೆ. ಅವನು ನಗಲಿಲ್ಲ. ಅವನ ಊರಿನಲ್ಲಿ ನಾಲ್ಕು ವರ್ಷದಿಂದ ಹೀಗೇ ಮಾಡುತ್ತಾರಂತೆ. ಗುಂಡಿ ತೋಡುವುದು, ಹಸಿ ಹುಲ್ಲನ್ನು ಪದರ ಪದರವಾಗಿ ಹಾಕುವುದು, ನಡುವೆ ಉಪ್ಪು, ಗಾಳಿ ಒಂದಿಷ್ಟೂ ಉಳಿಯದ ಹಾಗೆ ತುಳಿಯುವುದು, ಮೇಲೆ ಹಲಗೆ, ಹಲಗೆಯ ಮೇಲೆ ಜೇಡಿಮಣ್ಣು. ಚಳಿಗಾಲದಲ್ಲಿ ತೆರೆದರೆ ಹುಲ್ಲು ಹುಳಿಬಂದು, ಮೆತ್ತಗಾಗಿ, ಹಸು ಬಾಯಿ ತೆಗೆಯದ ಹಾಗೆ ತಿನ್ನುತ್ತದಂತೆ.

ತೋಡು, ಝೆಲೀ. ಆದರೆ ಒಬ್ಬರಿಗೂ ಹೇಳಬೇಡ. ನಾನು ಕಟ್ಟಿದ ಗಾಳಿಯಂತ್ರ ಪಾದ್ರಿಗಳ ಕೋಳಿಗೂಡಿನ ಮೇಲೆ ಮಗುಚಿದ ದಿನದಿಂದ ಆ ಊರು ನನ್ನ ಯಾವ ಮಾತಿಗೂ ಮೊದಲು ನಗುತ್ತದೆ, ಆಮೇಲೆ ಕೇಳುತ್ತದೆ. ಮಾರ್ಚ್ ತಿಂಗಳು ಬರಲಿ. ಅವರ ಹಸುಗಳು ಪಕ್ಕೆಲುಬು ಎಣಿಸುವ ಹಾಗೆ ನಿಂತಿರುವಾಗ ನಮ್ಮವು ಮಿರಮಿರ ಮಿಂಚುತ್ತಿರುತ್ತವೆ. ಆಗ ನಾನು ಬರುತ್ತೇನೆ. ಪರದೆಯನ್ನು ನಾನೇ ಸರಿಸುತ್ತೇನೆ.

ನನ್ನ ಚಿಂತೆ ಬೇಡ. ತೂಕ ಏರಿದೆ.

ನಿನ್ನ ಅನ್ಸೆಲ್ಮ್


ಕ್ರೋಜೆ
9 ಆಗಸ್ಟ್ 1930

ಅನ್ಸೆಲ್ಮ್,

ಆಯಿತು.

ನಿನ್ನ ನಾರ್ಮಂಡಿಯವನಿಗೆ ನಮ್ಮ ನೆಲ ಗೊತ್ತಿಲ್ಲ. ಮೊಣಕಾಲಿನ ಆಳಕ್ಕೆ ಗುದ್ದಲಿ ಬಂಡೆಗೆ ತಾಗಿ ಕಿಡಿ ಹಾರಿತು. ಕೊಟ್ಟಿಗೆಯ ಹಿಂದೆ ಬಿರುಕು ಬಿಟ್ಟ ಹಳೆಯ ನೀರಿನ ತೊಟ್ಟಿ ಇದೆಯಲ್ಲ, ಅದರ ಕಸ ಕಲ್ಲು ಹೊರಗೆ ಹಾಕಿ, ಬಿರುಕಿಗೆ ಜೇಡಿ ಮೆತ್ತಿ, ಅದರೊಳಗೇ ಹುಲ್ಲು ತುಂಬಿದೆ. ಕುದುರೆಯಿಂದ ತುಳಿಸು ಎಂದು ನೀನು ಎರಡನೇ ಕಾಗದದಲ್ಲಿ ಬರೆದಿದ್ದೆ. ಕುದುರೆ ಒಳಗೆ ಇಳಿಯಲಿಲ್ಲ. ಅದಕ್ಕೆ ನಮಗಿಂತ ಬುದ್ಧಿ ಇರಬೇಕು. ನಿನ್ನ ಬೂಟು ಹಾಕಿಕೊಂಡು ನಾನೇ ತುಳಿದೆ, ಮೂರು ದಿನ, ಮಳೆಯಲ್ಲೇ.

ಪಕ್ಕದ ಮನೆ ಕ್ಲೋತಿಲ್ದ್ ಬೇಲಿಯ ಮೇಲಿಂದ ಕತ್ತು ಚಾಚಿ ಏನೋ ಕೇಳಿದಳು. ಅವಳು ಕೇಳಿದ್ದನ್ನು ಕಾಯಿಲೆಯವನಿಗೆ ಬರೆಯುವುದಿಲ್ಲ. ನಾನು ಹೇಳಿದ್ದನ್ನು ಬರೆಯುತ್ತೇನೆ: “ಇದು ನಿನ್ನ ನಾಲಿಗೆ ಹೂಳೋಕೆ ಕಣೆ. ಇನ್ನೂ ಒಂದು ಮೊಳ ತೋಡ್ಬೇಕು.” ನಕ್ಕು ಹೋದಳು. ಗೊಬ್ಬರದ ಗುಂಡಿ ಎಂದುಕೊಂಡಿದ್ದಾಳೆ.

ಎಲ್ಲರ ಹುಲ್ಲೂ ಅರ್ಧಕ್ಕರ್ಧ ಹಾಳು. ಫಿಲಿಬೆರಜ್ಜ ಹನ್ನೊಂದು ಮನೆಯ ಹಾಲು ಸೇರುವ ಹಾಲುಮನೆ ಸಂಘದ ಯಜಮಾನಿಕೆಗೆ ಬಂದು ಮೂವತ್ತು ವರ್ಷವಾಯಿತಂತೆ, ಇಂಥ ಬೇಸಿಗೆ ಕಂಡಿಲ್ಲವಂತೆ.

ತೂಕ ಎಷ್ಟು ಏರಿದೆ ಎಂದು ಬರೆಯಲಿಲ್ಲ.

ಝೆಲೀ


ಕ್ರೋಜೆ
16 ನವೆಂಬರ್ 1930

ಅನ್ಸೆಲ್ಮ್,

ಹನ್ನೊಂದನೇ ತಾರೀಕು, ಸಂತ ಮಾರ್ಟಿನರ ಹಬ್ಬದ ದಿನ, ಹಸುಗಳನ್ನು ಒಳಗೆ ಕಟ್ಟಿ ತೊಟ್ಟಿ ತೆರೆದೆ. ವಾಸನೆ ಏನೆಂದು ಹೇಳಲಿ? ಹುಳಿ ಕೋಸು, ಒದ್ದೆ ಚರ್ಮ, ಎಲ್ಲೋ ಒಂದು ಹನಿ ಜೇನು. ನಾನು ಮೂಗು ಮುಚ್ಚಿಕೊಂಡೆ. ಹಸುಗಳು ಹಗ್ಗ ಕಿತ್ತುಕೊಂಡು ಬಂದವು. ನಿನ್ನ ಅಶೀಲ್ ಸುಳ್ಳು ಹೇಳಿಲ್ಲ. ಊರಿನ ಎಲ್ಲ ಕೊಟ್ಟಿಗೆಗಳಲ್ಲಿ ಹಾಲು ಇಳಿದಿದೆ, ನಮ್ಮದು ಇಳಿದಿಲ್ಲ.

ಇನ್ನೊಂದು ವಿಷಯ. ಬರೆಯಬಾರದು ಅಂದುಕೊಂಡಿದ್ದೆ. ಸಂಜೆ ಹಾಲು ತೂಗುವ ಹೊತ್ತಿಗೆ ಹನ್ನೊಂದು ಮನೆಯವರೂ ಒಂದೇ ಕೋಣೆಯಲ್ಲಿ ನಿಲ್ಲುತ್ತೇವಲ್ಲ, ನೀನು ಹೋದಾಗಿನಿಂದ ನನ್ನ ಕ್ಯಾನಿನ ಸುತ್ತ ಒಂದು ಹೆಜ್ಜೆ ಜಾಗ ಖಾಲಿ ಬಿಡುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಜಾಗ ಬಿಡುತ್ತಾರೆ, ಅಷ್ಟೆ. ಅದಕ್ಕೆ ಹೊಂದಿಕೊಂಡಿದ್ದೆ. ಮೊನ್ನೆ ಒತ್ಮಾರ್ ಕೂಡ ಅವರ ಹಾಗೇ ಆದರು. ಆರು ವರ್ಷದಿಂದ ನಮ್ಮ ಹಂಡೆ ಕಾಯುತ್ತಿರುವ, ನಮ್ಮೆಲ್ಲರ ಹಾಲನ್ನು ಒಟ್ಟಿಗೆ ಕಾಯಿಸಿ ಚಕ್ರದಂಥ ಚೀಸಿನ ಗಾಲಿ ಮಾಡುವ ಮನುಷ್ಯ. ನನ್ನ ಕ್ಯಾನಿನ ಮುಚ್ಚಳ ತೆಗೆದು, ಬಾಗಿ, ಮೂಸಿ, ಅಲ್ಲೇ ನಿಂತರು. ಎಲ್ಲರೂ ನೋಡುತ್ತಿದ್ದರು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, “ಅನ್ಸೆಲ್ಮ್ ಹೇಗಿದ್ದಾರೆ, ಮದಾಮ್?” ಅಂದರು. ಹಾಲನ್ನು ಹಂಡೆಗೆ ಸುರಿದರು.

ಹಾಲಿನಲ್ಲೂ ನಿನ್ನ ಕಾಯಿಲೆ ಹುಡುಕುತ್ತಿದ್ದಾರೆ ಅಂತ ತಾನೇ ಅರ್ಥ? ಕ್ಲೋತಿಲ್ದ್ ಮಾಡಿದ್ದರೆ ಬೈಯುತ್ತಿದ್ದೆ. ಅವರು ಮಾಡಿದ್ದಕ್ಕೆ ಮನೆಗೆ ಬಂದು ಅತ್ತೆ.

ಝೆಲೀ


ಕ್ಷಯರೋಗಾಲಯ
30 ನವೆಂಬರ್ 1930

ನನ್ನ ಝೆಲೀ,

ಮೂಸಿದನೇ? ಪುರ್ಶೆಯ ಮನೆಯ ಹಾಲನ್ನು ಮೂಸಿದನೇ ಆ ಸ್ವಿಸ್ಸಿನವನು? ಗಡಿ ದಾಟಿ ಒಂದು ಮರದ ಪೆಟ್ಟಿಗೆ, ಮೂರು ಮಕ್ಕಳು ಹೊತ್ತು ಬಂದಾಗ ಅವನಿಗೆ ಕೈಯೆತ್ತಿ ಮತ ಹಾಕಿದವನು ನಾನು. ಹಾಲುಮನೆಯ ಮೇಲಟ್ಟದ ಕೋಣೆಗಳಿಗೆ ಸುಣ್ಣ ಬಳಿದವನು ನಾನು. ಇರಲಿ. ಈ ಅಂಕ ಮುಗಿಯಲಿ. ತಲೆ ಎತ್ತಿ ನಿಲ್ಲು, ಝೆಲೀ. ನಮ್ಮ ಹಾಲು ಇಳಿದಿಲ್ಲವಲ್ಲ, ಅದೇ ನಮ್ಮ ಕತ್ತಿ. ಗುಂಡಿಹುಲ್ಲು ಇನ್ನೂ ಒಂದು ತುತ್ತು ಹೆಚ್ಚು ಹಾಕು.

ಕೈಬರಹ ಬೇರೆ ಅನ್ನಿಸಿದರೆ ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಅಶೀಲ್ ಬರೆಯುತ್ತಿದ್ದಾನೆ. ಇಲ್ಲಿ ಚಳಿ. ಬೆರಳು ಸೆಟೆದಿವೆ.

ನಿನ್ನ ಅನ್ಸೆಲ್ಮ್


ಕ್ರೋಜೆ
18 ಜನವರಿ 1931

ಅನ್ಸೆಲ್ಮ್,

ಕ್ರಿಸ್‌ಮಸ್‌ಗೆ ಎರಡೇ ಸಾಲು ಬರೆದೆ ಎಂದು ಬೇಸರ ಮಾಡಿಕೊಳ್ಳಬೇಡ. ಊರಿನಲ್ಲಿ ಮಾತೇ ನಿಂತುಹೋಗಿದೆ.

ಹಾಲುಮನೆಯ ನೆಲಮಾಳಿಗೆಯಲ್ಲಿ ಗಾಲಿಗಳು ಊದುತ್ತಿವೆ. ಮೊದಲು ಒಂದು. ಒತ್ಮಾರ್ ತಮ್ಮ ಪುಟ್ಟ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಚೀಸಿನ ಸದ್ದು ಬರಬೇಕಲ್ಲ, ಡೋಲಿನ ಸದ್ದು ಬಂತಂತೆ. ವಾರದೊಳಗೆ ಏಳು. ಈಗ ನವೆಂಬರಿನಿಂದ ಈಚೆಗೆ ಮಾಡಿದ್ದೆಲ್ಲವೂ, ಒಂದೊಂದೂ ಎಂಟು ತಿಂಗಳ ಬಸುರಿಯ ಹಾಗೆ ಉಬ್ಬಿ, ಪಕ್ಕದಲ್ಲಿ ಸೀಳು ಬಿಟ್ಟಿವೆ. ಸೀಳಿನಿಂದ ಕೊಳೆತ ಬೆಣ್ಣೆಯ ನಾತ. ವ್ಯಾಪಾರಿ ಬಂದು ಬಾಗಿಲಲ್ಲೇ ತಿರುಗಿ ಹೋದ. ಹನ್ನೊಂದು ಮನೆಯ ಚಳಿಗಾಲದ ದುಡಿಮೆ ಅಲ್ಲಿ ಹಲಗೆಗಳ ಮೇಲೆ ಕೊಳೆಯುತ್ತ ಕೂತಿದೆ.

ಎಲ್ಲರ ಬೆರಳೂ ಒತ್ಮಾರ್ ಕಡೆಗೆ. ಹಂಡೆ ಸರಿಯಾಗಿ ಉಜ್ಜಿಲ್ಲ, ಬೆಂಕಿ ನೋಡಿಕೊಂಡಿಲ್ಲ, ವಯಸ್ಸಾಯಿತು, ಕುಡಿಯುತ್ತಾರೆ. ಅವರು ಕುಡಿಯುವುದನ್ನು ಯಾರೂ ನೋಡಿಲ್ಲ. ಫೆಬ್ರುವರಿ ಒಂದು, ಭಾನುವಾರ, ಪೂಜೆ ಮುಗಿದ ಮೇಲೆ ಶಾಲೆಯಲ್ಲಿ ಸಭೆ. ಅವರನ್ನು ತೆಗೆಯುವುದೋ ಇಟ್ಟುಕೊಳ್ಳುವುದೋ ಎಂದು ಕೈಯೆತ್ತಬೇಕು. ತೆಗೆದರೆ ಮನೆಯೂ ಹೋಯಿತು. ಅವರಿರುವುದು ಹಾಲುಮನೆಯ ಮೇಲೇ ತಾನೆ. ಊದಿದ ಗಾಲಿಯ ಹೆಸರು ಹೊತ್ತವನನ್ನು ಈ ಬೆಟ್ಟಗಳಲ್ಲಿ ಇನ್ನಾವ ಊರೂ ಹಂಡೆಯ ಹತ್ತಿರ ಬಿಡುವುದಿಲ್ಲ. ನಿನ್ನ ಬದಲಿಗೆ ಕೈಯೆತ್ತಬೇಕಾದವಳು ನಾನು.

ಅಶೀಲನನ್ನು ಒಂದು ಮಾತು ಕೇಳು. ಅವರ ಊರಿನಲ್ಲಿ ಗುಂಡಿಹುಲ್ಲು ತಿಂದ ಹಸುವಿನ ಹಾಲಿನಿಂದ ಏನು ಮಾಡುತ್ತಾರೆ? ನಮ್ಮ ಹಾಗೆ ದೊಡ್ಡ ಗಾಲಿ ಮಾಡಿ ತಿಂಗಳುಗಟ್ಟಲೆ ಇಡುತ್ತಾರೆಯೇ? ಸುಮ್ಮನೆ ಕೇಳು. ಬೇಗ ಬರೆ.

ನವೆಂಬರಿನಿಂದ ನಿನ್ನ ಒಂದು ಕಾಗದವೂ ನಿನ್ನ ಕೈಯದ್ದಲ್ಲ. ಚಳಿಗೆ ಬೆರಳು ಸೆಟೆದಿವೆ ಎನ್ನುತ್ತೀಯ. ಆ ಬೆರಳುಗಳು ಹದಿನೈದು ವರ್ಷ, ಜನವರಿಯ ಚಳಿಯಲ್ಲೂ, ಕೊಟ್ಟಿಗೆಯಲ್ಲಿ ಕೆಚ್ಚಲು ಹಿಡಿದದ್ದನ್ನು ನಾನು ನೋಡಿದ್ದೇನೆ.

ಝೆಲೀ


ಕ್ಷಯರೋಗಾಲಯ
23 ಜನವರಿ 1931

ನನ್ನ ಝೆಲೀ,

ನೋಡಿದೆಯಾ? ಮೇಲೆ ಒಬ್ಬ ಕೂತಿದ್ದಾನೆ, ಅವನು ನಿದ್ದೆ ಮಾಡುವುದಿಲ್ಲ. ಹೆಂಗಸಿನ ಕ್ಯಾನಿನಲ್ಲಿ ಕಾಯಿಲೆ ಮೂಸಿದವನ ನೆಲಮಾಳಿಗೆಯೇ ಈಗ ನಾರುತ್ತಿದೆ. ಭಾನುವಾರ ಕೈಯೆತ್ತು, ಝೆಲೀ, ಎತ್ತರಕ್ಕೆ ಎತ್ತು, ಕೊನೆಯ ಸಾಲಿನವರಿಗೂ ಕಾಣುವ ಹಾಗೆ.

ಅಶೀಲನನ್ನು ಕೇಳಿದೆ. ಅವನು ನಗುತ್ತಾನೆ. ಅವರದು ಬೆಣ್ಣೆಯ ಸೀಮೆ; ಮಿಕ್ಕರೆ ಅಂಗೈಯಗಲದ ಮೆತ್ತನೆ ಚೀಸು, ತಿಂಗಳೊಳಗೆ ತಿಂದು ಮುಗಿಸುತ್ತಾರೆ. ಗಾಡಿಚಕ್ರದಂಥ ಗಾಲಿ ಮಾಡಿ ವರ್ಷ ಕಾಯುವ ಹುಚ್ಚು ಬೆಟ್ಟದವರಿಗೇ ಇರಲಿ ಅನ್ನುತ್ತಾನೆ. ಇದನ್ನೆಲ್ಲ ಯಾಕೆ ಕೇಳಿದೆ?

ಬೆರಳು ಹಾಗೇ ಇವೆ. ಇಲ್ಲಿನ ಚಳಿ ಬೇರೆ.

ನಿನ್ನ ಅನ್ಸೆಲ್ಮ್


ಕ್ಷಯರೋಗಾಲಯ
26 ಜನವರಿ 1931

ಝೆಲೀ,

ಇದು ನನ್ನ ಕೈ. ಅಕ್ಷರ ನಡುಗಿದ್ದರೆ ಕ್ಷಮಿಸು. ಇದನ್ನು ಅಶೀಲನಿಂದ ಬರೆಸಲು ಆಗಲಿಲ್ಲ.

ನೀನು ಯಾಕೆ ಕೇಳಿದೆ ಎಂದು ನನಗೆ ಗೊತ್ತಾಯಿತು. ಮೂರು ದಿನ ಬೇಕಾಯಿತು. ಗಾಲಿಗಳನ್ನು ಊದಿಸಿದ್ದು ನಮ್ಮ ಗುಂಡಿಹುಲ್ಲಿನ ಹಾಲು.

ಮೊದಲನೆಯದು: ಗುಂಡಿಹುಲ್ಲು ಇವತ್ತೇ ನಿಲ್ಲಿಸು.

ಎರಡನೆಯದು: ಸಭೆಯಲ್ಲಿ ಏನೂ ಹೇಳಬೇಡ. ಒಂದು ಮಾತೂ. ಸಂಘದ ನಿಯಮ ನನಗೆ ಬಾಯಿಪಾಠ ಇದೆ. ಹಂಡೆ ಕೆಡಿಸಿದ ಮನೆಯ ಹಾಲನ್ನು ಒಂದು ವರ್ಷ ತೂಕಕ್ಕೆ ಇಡುವ ಹಾಗಿಲ್ಲ. ಒಂದು ವರ್ಷ ಹಾಲು ಹೋಗದಿದ್ದರೆ ಕೊಟ್ಟಿಗೆ ಇಲ್ಲ, ಕೊಟ್ಟಿಗೆ ಇಲ್ಲದಿದ್ದರೆ ಮನೆ ಇಲ್ಲ. ಒತ್ಮಾರ್‌ಗೆ ಗಡಿಯಾಚೆ ಅಣ್ಣ ಇದ್ದಾನೆ. ಹೋಗುತ್ತಾನೆ, ಬದುಕುತ್ತಾನೆ. ನಮಗೆ ಆಚೆ ಯಾರೂ ಇಲ್ಲ.

ಮೂರನೆಯದು, ನಾನು ಬರೆಯದೆ ಇಟ್ಟದ್ದು. ನವೆಂಬರಿನಲ್ಲಿ ನನಗೆ ರಕ್ತ ಬಂತು, ತಟ್ಟೆ ತುಂಬ. ತೂಕ ಏರಲೇ ಇಲ್ಲ. ಮೂರನೇ ತಾರೀಕು ಮಂಗಳವಾರ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಿ, ಎಡಗಡೆಯ ಪಕ್ಕೆಲುಬು ಕತ್ತರಿಸಿ ಆ ಕಡೆಯ ಪುಪ್ಪುಸವನ್ನು ಕುಗ್ಗಿಸುತ್ತಾರಂತೆ. ಎದ್ದು ಬರುವವರೂ ಇದ್ದಾರೆ. ನಾನು ಮೇಜಿಗೆ ಹೋಗುವಾಗ ಏಳು ಹಸು ಕಟ್ಟಿದ ಕೊಟ್ಟಿಗೆ ಇದೆ ಎಂದು ನನಗೆ ಗೊತ್ತಿರಬೇಕು. ಇಷ್ಟೇ ಕೇಳುತ್ತಿದ್ದೇನೆ.

ಸುಮ್ಮನಿರು.

ಅನ್ಸೆಲ್ಮ್


ಕ್ರೋಜೆ
1 ಫೆಬ್ರುವರಿ 1931, ಭಾನುವಾರ ಮಧ್ಯಾಹ್ನ

ಅನ್ಸೆಲ್ಮ್,

ನಿನ್ನ ಕಾಗದ ಗುರುವಾರ ಬಂತು. ಅದನ್ನು ರವಿಕೆಯೊಳಗೆ ಇಟ್ಟುಕೊಂಡು ಮೂರು ದಿನ ಓಡಾಡಿದೆ. ನಿನ್ನ ರಕ್ತದ ಸುದ್ದಿ ಎದೆಗೆ ತಾಗಿಕೊಂಡೇ ಇತ್ತು. ಅದನ್ನು ಮುಟ್ಟಿದಾಗಲೆಲ್ಲ ನೀನು ಹೇಳಿದ ಹಾಗೆ ಸುಮ್ಮನಿರುತ್ತೇನೆ ಅಂದುಕೊಂಡೆ. ಇದನ್ನು ನೀನು ನಂಬಬೇಕು. ಸುಮ್ಮನಿರಬೇಕೆಂದೇ ಹೊರಟಿದ್ದೆ.

ನಿನ್ನೆ ಸಂಜೆ ಹಾಲು ಕೊಡಲು ಎಲ್ಲರಿಗಿಂತ ಮುಂಚೆ ಹೋದೆ. ಮೇಲಿನ ಕೋಣೆಯಲ್ಲಿ ಒತ್ಮಾರರ ಹೆಂಡತಿ ಪಾತ್ರೆಗಳನ್ನು ಒಣಹುಲ್ಲಿನಲ್ಲಿ ಸುತ್ತಿ ಅದೇ ಮರದ ಪೆಟ್ಟಿಗೆಗೆ ತುಂಬುತ್ತಿದ್ದಳು. ಒತ್ಮಾರ್ ನನ್ನ ಕ್ಯಾನಿನ ಮುಚ್ಚಳ ತೆಗೆದರು, ಬಾಗಿದರು, ಮೂಸಿದರು. “ನಿಲ್ಲಿಸಿದ್ದೀರಿ” ಅಂದರು. ನಾನು ಅಲ್ಲಿನ ನೀರುತೊಟ್ಟಿಯ ಅಂಚಿನ ಮೇಲೆ ಕೂತೆ. ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಮೊದಲನೇ ಸಂಜೆಯಿಂದ, ಎಂದರು.

ಅನ್ಸೆಲ್ಮ್, ಅವರು ನಿನ್ನ ಕಾಯಿಲೆ ಮೂಸಲಿಲ್ಲ. ಹುಲ್ಲನ್ನು ಮೂಸಿದರು. ಏನು ಹುಲ್ಲು ಎಂದು ಅವರಿಗೆ ತಿಳಿಯಲಿಲ್ಲ. ಏನೋ ಸರಿಯಿಲ್ಲ ಎಂದಷ್ಟೇ ತಿಳಿಯಿತು. ಹಾಗಾದರೆ ನನ್ನ ಹಾಲನ್ನು ಯಾಕೆ ಹಿಂದಕ್ಕೆ ಕಳಿಸಲಿಲ್ಲ ಎಂದು ಕೇಳಿದೆ. ಅವರು ಬಟ್ಟೆಯಿಂದ ಕೈ ಒರೆಸಿಕೊಂಡರು.

“ಹತ್ತು ಮನೆಯವರು ನೋಡ್ತಿದ್ರು, ಮದಾಮ್. ಆಗ್ಲೇ ನಿಮ್ಮಿಂದ ಒಂದು ಹೆಜ್ಜೆ ದೂರ ನಿಂತಿದ್ರು. ಅವರ ಮುಂದೆ ನಿಮ್ಮ ಹಾಲು ವಾಪಸ್ ಮಾಡಿದ್ರೆ ಕಾಯಿಲೆ ಹಾಲು ಅಂತಿದ್ರು. ಆಮೇಲೆ ಜನ್ಮದಲ್ಲಿ ಆ ಹೆಸರು ಹೋಗ್ತಿರ್ಲಿಲ್ಲ. ಕಾಯಿಸಿದ್ರೆ ವಾಸನೆ ಹೋಗುತ್ತೆ ಅಂದ್ಕೊಂಡೆ. ತಪ್ಪಾಯ್ತು.”

ನಾಳೆ ಸಭೆಯಲ್ಲಿ ಇದನ್ನು ಹೇಳುತ್ತೀರಾ ಎಂದೆ. ಇಲ್ಲ ಎಂದು ತಲೆಯಾಡಿಸಿದರು. ನಿಮಗೆ ಗಂಡ ಬರಬೇಕಾದ ಮನೆ ಇದೆ, ನನಗೆ ಎರಡು ತೋಳಿವೆ, ಎಲ್ಲಾದರೂ ಸೌದೆ ಕಡಿಯುತ್ತೇನೆ, ಎಂದರು. ಅಷ್ಟರಲ್ಲಿ ಬೇರೆಯವರ ಕ್ಯಾನುಗಳ ಸದ್ದು ಕೇಳಿತು.

ಅಂದರೆ ನೀನು ಕೇಳಿದ್ದು ನನಗೆ ಸಿಕ್ಕೇಬಿಟ್ಟಿತ್ತು. ನಾನು ಬಾಯಿ ತೆರೆಯದಿದ್ದರೆ ಈ ಭೂಮಿಯ ಮೇಲೆ ಇನ್ನಾರೂ ತೆರೆಯುತ್ತಿರಲಿಲ್ಲ.

ಸಭೆ. ನೀನು ಕಿರೀಟ ಹಾಕಿಕೊಂಡು ನಿಲ್ಲುತ್ತಿದ್ದ ರಂಗದ ಮೇಲೆ ಇವತ್ತು ಒಂದು ಮೇಜು, ಮೇಜಿನ ಮೇಲೆ ಅರ್ಧಕ್ಕೆ ಕತ್ತರಿಸಿದ ಗಾಲಿ. ಒಳಗೆಲ್ಲ ಮುಷ್ಟಿ ಹೋಗುವಷ್ಟು ತೂತು. ಕಿಟಕಿ ತೆರೆದಿದ್ದರೂ ಹೆಂಗಸರು ಕತ್ತುಬಟ್ಟೆಯನ್ನು ಮೂಗಿಗೆ ಹಿಡಿದಿದ್ದರು. ಒತ್ಮಾರ್ ಗೋಡೆಯ ಪಕ್ಕ ನಿಂತಿದ್ದರು, ಕೂರು ಎಂದು ಯಾರೂ ಹೇಳಲಿಲ್ಲ. ಏನಾದರೂ ಹೇಳುವುದಿದೆಯೇ ಎಂದು ಫಿಲಿಬೆರಜ್ಜ ಕೇಳಿದರು. ಹಂಡೆ ನನ್ನ ಕೈಯಲ್ಲಿತ್ತು, ಅಷ್ಟೇ ಹೇಳುವುದು, ಅಂದರು ಒತ್ಮಾರ್. ಹಿಂದಿನಿಂದ ಯಾರೋ ಗೊಣಗಿದರು, ತಾನೇ ಒಪ್ಪಿಕೊಂಡನಲ್ಲ ಎಂದು.

ತೆಗೆಯಬೇಕೆನ್ನುವವರು ಕೈಯೆತ್ತಿ, ಎಂದರು ಫಿಲಿಬೆರಜ್ಜ. ಒಂದು ಕೈ, ಮೂರು ಕೈ, ಎಂಟು. ಕ್ಲೋತಿಲ್ದಳ ಗಂಡನ ಕೈಯನ್ನು ಅವಳೇ ಮೊಣಕೈ ಹಿಡಿದು ಎತ್ತಿಸಿದಳು. ಹತ್ತು. ಎಲ್ಲರೂ ನನ್ನ ಕಡೆ ತಿರುಗಿದರು. ನಿನ್ನ ಕಾಗದ ಎದೆಯ ಮೇಲೆ ಇತ್ತು. ನಾನು ಕೈಯೆತ್ತಲು ಹೋದೆ, ಅನ್ಸೆಲ್ಮ್. ಕೈ ಭುಜದವರೆಗೆ ಬಂದಿತ್ತು. ಆಗ ಒತ್ಮಾರ್ ನನ್ನ ಕಡೆ ನೋಡುವುದನ್ನು ಬಿಟ್ಟು ಕಿಟಕಿಯ ಕಡೆ ಮುಖ ತಿರುಗಿಸಿದರು, ನನಗೆ ಸುಲಭವಾಗಲಿ ಎಂದು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತೆ.

“ಅವರ ಕೈ ತಪ್ಪಲ್ಲ. ನನ್ನ ಹಾಲಿನ ತಪ್ಪು” ಅಂದೆ.

ನನ್ನ ದನಿ ಅಷ್ಟು ದೊಡ್ಡದಾಗಿ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ತೊಟ್ಟಿ, ಹಸಿಹುಲ್ಲು, ಉಪ್ಪು, ಎಲ್ಲ ಹೇಳಿದೆ. ಯಾವತ್ತು ತೆರೆದೆ, ಯಾವತ್ತು ನಿಲ್ಲಿಸಿದೆ, ಹೇಳಿದೆ. ಒತ್ಮಾರ್ ಮೂಸಿದ್ದನ್ನೂ, ಯಾಕೆ ಸುಮ್ಮನಿದ್ದರು ಎನ್ನುವುದನ್ನೂ ಹೇಳಿದೆ. ಒಂದು ಹೆಜ್ಜೆ ಜಾಗದ ಮಾತು ಬಂದಾಗ ಹಲವರು ತಮ್ಮ ಬೂಟು ನೋಡಿಕೊಂಡರು. ಎತ್ತಿದ ಹತ್ತು ಕೈಗಳು ಯಾವಾಗ ಇಳಿದವೋ ನಾನು ನೋಡಲಿಲ್ಲ.

ಫಿಲಿಬೆರಜ್ಜ ಮೇಜಿಗೆ ಎರಡೂ ಕೈ ಊರಿ ಕೇಳಿದರು, “ಈ ಬುದ್ಧಿ ಯಾರ್ದು, ಝೆಲೀ?”

“ಬುದ್ಧಿ ಯಾರ್ದೇ ಆಗ್ಲಿ, ಫಿಲಿಬೆರಜ್ಜ. ತುಳಿದ ಕಾಲು ನಂದು.”

ಅವರು ನಿಯಮದ ಪುಸ್ತಕ ತೆಗೆದು ಓದಿದರು. ಒಂದು ವರ್ಷ. ನೀನು ಬರೆದ ಹಾಗೆಯೇ, ಒಂದು ಅಕ್ಷರವೂ ತಪ್ಪಿಲ್ಲ. ಆಗ ಒತ್ಮಾರ್ ಗೋಡೆ ಬಿಟ್ಟು ಮುಂದೆ ಬಂದು, ಮೂಗಿದ್ದೂ ಸುಮ್ಮನಿದ್ದವನು ತಾನು, ಆ ವರ್ಷದಲ್ಲಿ ತನ್ನ ಪಾಲನ್ನೂ ಬರೆದುಕೊಳ್ಳಿ ಎಂದರು. ಗಲಾಟೆಯಾಯಿತು. ಇಬ್ಬರನ್ನೂ ಕಳಿಸಿ ಎಂದರು ಕೆಲವರು, ಹಂಡೆ ಯಾರು ಕಾಯುತ್ತಾರೆ ಎಂದರು ಕೆಲವರು. ಮತ್ತೆ ಕೈ ಎಣಿಸಿದರು. ಆರಕ್ಕೆ ನಾಲ್ಕು. ಒತ್ಮಾರ್ ಇರುತ್ತಾರೆ. ನಮ್ಮ ಹಾಲು ವರ್ಷವಲ್ಲ, ಮೇ ತಿಂಗಳಲ್ಲಿ ಹಸುಗಳು ಹಸಿರಿಗೆ ಇಳಿಯುವವರೆಗೆ ಹೊರಗೆ. ಇನ್ನು ಮೇಲೆ ಕೆಟ್ಟ ಹಾಲು ಯಾರದೇ ಆಗಲಿ, ವಿಧವೆಯದಾಗಲಿ ರೋಗಿಯದಾಗಲಿ, ಎಲ್ಲರೆದುರಿಗೇ ಹಿಂದಕ್ಕೆ ಕಳಿಸಬೇಕು ಎಂದು ಬರೆದುಕೊಂಡರು. ಒತ್ಮಾರ್ ಮೊದಲು ರುಜು ಹಾಕಿದರು.

ಆದರೆ ಒಣಹುಲ್ಲಿಲ್ಲದೆ ಏಳು ಹಸು ಮೇ ತಿಂಗಳವರೆಗೆ? ಅದನ್ನು ನಾನು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ. ಫಿಲಿಬೆರಜ್ಜನೇ ಕನ್ನಡಕ ತೆಗೆದು, ನಿಯಮ ಕೊಟ್ಟಿಗೆಗೆ, ಹಸುವಿಗಲ್ಲ ಎಂದರು. ಹಳೆಯ ಪದ್ಧತಿ ಇದೆಯಲ್ಲ: ಚಳಿಗಾಲಕ್ಕೆ ಹಸು ಕಟ್ಟಿಕೊಂಡು ಮೇವು ಹಾಕಿದವನಿಗೆ ಹಾಲು, ವಸಂತಕ್ಕೆ ಹಸು ಒಡೆಯನಿಗೆ. ಈ ವರ್ಷ ಒಂದು ಹಸು ಅಂದರೆ ತಮ್ಮ ಹಸುವಿನ ಬಾಯಿಂದ ಕಿತ್ತ ಹುಲ್ಲು. ಎಲ್ಲರೂ ಬೆರಳು ಮಡಚಿ ತಮ್ಮ ಅಟ್ಟದ ಹುಲ್ಲಿನ ಲೆಕ್ಕ ಹಾಕಿದರು. ಕೊನೆಗೆ ಕ್ಲೋತಿಲ್ದ್, ನನ್ನ ಮುಖ ನೋಡದೆಯೇ:

“ಆ ಒದೆಯೋ ಹಸು ನಮ್ಮನೆಗೆ ಬರ್ಲಿ. ನಮ್ಮ ಯಜಮಾನ್ರಿಗೆ ಒದೆ ತಿಂದು ಅಭ್ಯಾಸ ಇದೆ.”

ಐದು ಹಸುಗಳಿಗೆ ಮನೆ ಸಿಕ್ಕಿತು. ಸಭೆ ಮುಗಿದ ಕೂಡಲೇ ಬಂದು ಬಿಚ್ಚಿಕೊಂಡು ಹೋದರು. ಉಳಿದ ಎರಡಕ್ಕೆ ಯಾರ ಅಟ್ಟದಲ್ಲೂ ಹುಲ್ಲಿಲ್ಲ. ಅವು ಗುಂಡಿಹುಲ್ಲೇ ತಿನ್ನಲಿ. ನಾನು ಬೆಣ್ಣೆ ಕಡೆಯುತ್ತೇನೆ, ನಿನ್ನ ಅಶೀಲನ ಸೀಮೆಯವರ ಹಾಗೆ.

ಆದ್ದರಿಂದ ನೀನು ಕೇಳಿದ ಏಳು ಹಸುಗಳ ಕೊಟ್ಟಿಗೆ ಇಲ್ಲ. ಈಗ ಬರೆಯುತ್ತಿರುವಾಗ ಆ ಐದು ಖಾಲಿ ಗೂಟಗಳ ಕಡೆ ಬೆನ್ನು ಹಾಕಿ ಕೂತಿದ್ದೇನೆ.

ಈ ಕಾಗದವನ್ನು ನಾಳೆ ಅಂಚೆಗೆ ಹಾಕಿದರೆ ಮಂಗಳವಾರ ಬೆಳಿಗ್ಗೆ ನಿನ್ನ ಕೈಗೆ ಬರುತ್ತದೆ, ಮೇಜಿಗೆ ಹೋಗುವ ಮುಂಚೆ. ತಡೆದು ಹಾಕಲೇ ಎಂದು ಬಹಳ ಯೋಚಿಸಿದೆ. ನಾಳೆಯೇ ಹಾಕುತ್ತೇನೆ. ಕರುಣೆ ಎಂದು ಬಾಯಿ ಮುಚ್ಚಿಕೊಂಡರೆ ಏನಾಗುತ್ತದೆ ಎನ್ನುವುದನ್ನು ಈ ಊರು ನೋಡಿಯಾಯಿತು.

ಬದುಕಿ ಬಾ.

ಝೆಲೀ


ಕ್ಷಯರೋಗಾಲಯ
22 ಫೆಬ್ರುವರಿ 1931

ಝೆಲೀ,

ಏಳು ಪಕ್ಕೆಲುಬು ತೆಗೆದರು. ಇದ್ದೇನೆ.

ನಿನ್ನ ಕಾಗದ ಅಂದು ಬೆಳಿಗ್ಗೆಯೇ ಬಂತು. ಗಾಲಿಮಂಚ ಬಾಗಿಲಿಗೆ ಬಂದಿತ್ತು. ಈಗ ಓದುತ್ತೀಯೋ ಆಮೇಲೋ ಎಂದು ಅಶೀಲ್ ಕೇಳಿದ. ಈಗ ಎಂದೆ. ಓದಿ ಮುಗಿಸಿ ಹೋದೆ. ಕೋಪದಲ್ಲಿ ಹೋದೆ. ಆ ಕೋಪವೇ ನನ್ನನ್ನು ಆಚೆ ದಡಕ್ಕೆ ಹಾಕಿತೋ ಏನೋ. ಎಚ್ಚರವಾದಾಗಲೂ ನಿನ್ನನ್ನು ಬೈಯುತ್ತಿದ್ದೆನಂತೆ. ಕೈಗೆ ಬಲ ಬಂದ ಮೇಲೂ ಹತ್ತು ದಿನ ಬರೆಯಲಿಲ್ಲ. ಕೈಲಾಗದೆ ಅಲ್ಲ.

ಆಮೇಲೆ ಕೋಪ ಇಳಿಯಿತು, ಕೆಳಗಿದ್ದದ್ದು ಕಾಣಿಸಿತು. ಬುದ್ಧಿ ಯಾರದು ಎಂದು ಫಿಲಿಬೆರಜ್ಜ ಕೇಳಿದರೆ ನೀನು ನನ್ನ ಹೆಸರು ಹೇಳಲಿಲ್ಲ. ಒತ್ಮಾರ್ ನಿನ್ನ ಹೆಸರು ಹೇಳಲಿಲ್ಲ. ಎಲ್ಲರ ಹೆಸರು ಹೇಳಿ ಅಬ್ಬರಿಸಿದವನು ನಾನೊಬ್ಬನೇ.

ನನ್ನ ದನಿ ಹೋಗಿದೆ, ಝೆಲೀ. ಒಂದು ಪುಪ್ಪುಸದಲ್ಲಿ ಬರುವುದು ಪಿಸುಮಾತಷ್ಟೆ. ಇನ್ನು ನಾನು ಯಾವ ರಂಗವನ್ನೂ ಹತ್ತಲಾರೆ. ಆದ್ದರಿಂದ ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ಸಂಜೆ ಹಾಲು ತೂಗುವಾಗ, ಹನ್ನೊಂದು ಮನೆಯವರೂ ಇರುವಾಗ, ನೀನು ಇದನ್ನು ಗಟ್ಟಿಯಾಗಿ ಓದಬೇಕು:

“ಕ್ರೋಜೆ ಹಾಲುಮನೆ ಸಂಘದವರಿಗೆ. ಹುಲ್ಲು ಹೂಳು ಎಂದು ಹೆಂಡತಿಗೆ ಬರೆದವನು ನಾನು. ಯಾರಿಗೂ ಹೇಳಬೇಡ ಎಂದವನೂ ನಾನು. ಜನವರಿ ಇಪ್ಪತ್ತಾರರಂದು, ಎಲ್ಲ ಗೊತ್ತಾದ ಮೇಲೆ, ನೀನು ಸುಮ್ಮನಿರು, ಒತ್ಮಾರ್ ಹೋದರೆ ಹೋಗಲಿ ಎಂದು ಬರೆದವನೂ ನಾನೇ. ಅನ್ಸೆಲ್ಮ್ ಪುರ್ಶೆ.”

ಏಪ್ರಿಲ್ ಕೊನೆಗೆ ಬಿಡುತ್ತಾರಂತೆ.

ಅನ್ಸೆಲ್ಮ್


ಕ್ರೋಜೆ
1 ಮಾರ್ಚ್ 1931

ಅನ್ಸೆಲ್ಮ್,

ನಿನ್ನೆ ಸಂಜೆ ಓದಿದೆ. ಕೈಯಲ್ಲಿ ಕ್ಯಾನಿಲ್ಲದೆ ಆ ಕೋಣೆಗೆ ಹೋಗುವುದು ಎಂಥ ಕಷ್ಟ ಎಂದು ನಿನಗೆ ಗೊತ್ತಿಲ್ಲ. ತೂಗುವುದನ್ನು ನಿಲ್ಲಿಸಿ ಎಲ್ಲರೂ ಕೇಳಿದರು. ಮೊದಲ ಸಾಲಿಗೆ ಕ್ಲೋತಿಲ್ದ್, “ಇದನ್ನ ಹೇಳೋಕೆ ಕಾಗ್ದ ಬೇಕಿತ್ತಾ? ಅದು ಅನ್ಸೆಲ್ಮನ ಬುದ್ಧಿ ಅಂತ ನಮ್ಮ ಕೋಳಿಗಳಿಗೂ ಗೊತ್ತು” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಎಷ್ಟು ದಿನದ ಮೇಲೋ. ಎರಡನೆಯ ಸಾಲಿಗೆ ಫಿಲಿಬೆರಜ್ಜ ತಲೆಯಾಡಿಸಿದರು.

ಮೂರನೆಯ ಸಾಲಿಗೆ ಬಂದಾಗ ಒತ್ಮಾರ್ ಹಂಡೆಯ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಚೀಟಿ ಮಡಚಿದೆ.

ಇನ್ನೂ ಏನೋ ಇದ್ದ ಹಾಗಿದೆಯಲ್ಲ ಎಂದು ಫಿಲಿಬೆರಜ್ಜ ಕೇಳಿದರು. ಇದೆ, ಅದನ್ನು ಅವನೇ ಬಂದು ಓದುತ್ತಾನೆ ಎಂದೆ.

ಚೀಟಿ ಬೀರುವಿನಲ್ಲಿದೆ. ದನಿ ಇಲ್ಲ ಎಂದು ಬರೆದಿದ್ದೀಯ. ದೊಡ್ಡ ದನಿ ಬೇಕಾಗಿಲ್ಲ. ಹಾಲುಮನೆಯ ಬಾಗಿಲಿನಿಂದ ಒತ್ಮಾರ್ ನಿಲ್ಲುವ ಜಾಗಕ್ಕೆ ಮೂರೇ ಹೆಜ್ಜೆ.

ಝೆಲೀ